ಮುಚ್ಚಳವೂ ಶೀಲವೇ


ಇಂದಿನ ಧಮ್ಮ ಚಿಂತನೆ



ಮಳೆಗಾಲ ಬಂತೆಂದರೆ ಉಪಾಸಕ-ಉಪಾಸಿಕೆಯರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಳಗ್ಗೆ ಪಂಚಶೀಲ ಹೇಳಿ ಜೀವಹತ್ಯೆ ಮಾಡುವುದಿಲ್ಲ ಎಂದು ಸಂಕಲ್ಪ ಮಾಡುತ್ತೇವೆ. ಸಂಜೆ ಗುಂಗಾಡ ಕಚ್ಚಿದರೆ ಹೊಡೆಯುತ್ತೇವೆ. ಬ್ಯಾರಲ್ಲಿನಲ್ಲಿ ಮರಿಹುಳ ಮಿಸುಕಾಡಿದರೆ ನೀರು ಚೆಲ್ಲುತ್ತೇವೆ. ಶೀಲ ಮುರಿಯಿತೇ?

ಮೊದಲು ಭಗವಾನ್ ಬುದ್ಧರು ಏನು ಮಾಡಿದರು ನೋಡೋಣ. ಭಿಕ್ಖುಗಳು ಸೊಳ್ಳೆ ಕಾಟದಿಂದ ಬಳಲಿದಾಗ, ಸಹಿಸಿಕೊಳ್ಳಿ ಎಂದು ಅವರು ಹೇಳಲಿಲ್ಲ. ಸೊಳ್ಳೆ ಪರದೆ ಬಳಸಲು ಅನುಮತಿ ಕೊಟ್ಟರು. ಸೊಳ್ಳೆ ಓಡಿಸುವ ಬೀಸಣಿಗೆಗೂ ಕೊಟ್ಟರು. ಇದು ವಿನಯ ಪಿಟಕದ ಚುಲ್ಲವಗ್ಗದಲ್ಲಿದೆ. ಚೀವರ ಯಾಕೆ ಉಡಬೇಕು ಎಂಬುದಕ್ಕೆ ಅವರು ಕೊಟ್ಟ ಕಾರಣಗಳಲ್ಲೂ ಸೊಳ್ಳೆ ಕಡಿತದಿಂದ ರಕ್ಷಣೆ ಒಂದು. ಅಂದರೆ ದೇಹವನ್ನು ಕಾಪಾಡಿಕೊಳ್ಳುವುದು ಧಮ್ಮಕ್ಕೆ ವಿರುದ್ಧವಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಇದನ್ನು ಇನ್ನಷ್ಟು ಬಿಡಿಸಿ ತೋರಿಸುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ. ಅಹಿಂಸೆ ಕುರುಡು ನಿಯಮವಲ್ಲ, ಅದೊಂದು ತತ್ವ. ಅಗತ್ಯ ಇದೆಯೋ ಇಲ್ಲವೋ ಎಂದು ಮನುಷ್ಯ ತನ್ನ ಪ್ರಜ್ಞೆಯಿಂದ ತೂಗಿ ನೋಡಬೇಕು.

ಹಾಗಾದರೆ ನಾವೂ ತೂಗೋಣ. ಮಕ್ಕಳು ಕರೆಂಟ್ ಬ್ಯಾಟ್ ಹಿಡಿದು ಚಟಪಟ ಸದ್ದಿಗೆ ನಗುತ್ತಾ ಸೊಳ್ಳೆ ಸುಡುತ್ತಾರೆ. ನಾವೂ ನಗುತ್ತೇವೆ. ಅಲ್ಲಿ ಬೆಳೆಯುವುದು ಕೊಲ್ಲುವ ಇಚ್ಛೆ. ಅದೇ ಮನೆಯ ಹಿತ್ತಲಲ್ಲಿ ಬ್ಯಾರಲ್ ಬಾಯಿ ತೆರೆದು ನಿಂತಿರುತ್ತದೆ.

ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಇದು ಹೆಚ್ಚಾಗಿ ಮೊಟ್ಟೆ ಇಡುವುದು ಗಟಾರದಲ್ಲಲ್ಲ, ನಾವು ಕೂಡಿಟ್ಟ ತಿಳಿನೀರಿನಲ್ಲಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಗದಗ-ಬೆಟಗೇರಿಯಲ್ಲಿ ನಳದ ನೀರಿಗೆ ವಾರ, ಹತ್ತು ದಿನ ಕಾಯುವುದು ನಮಗೆ ಹೊಸದಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೂ ನೀರು ಕೂಡಿಡುವ ಕಷ್ಟ ಗೊತ್ತು. ನಳ ಬರುವ ಅಂತರವೂ ಸೊಳ್ಳೆ ಹುಟ್ಟುವ ಅವಧಿಯೂ ಒಂದೇ ಆಗಿಬಿಟ್ಟಿದೆ!

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜ್ವರ ಬಂದಾಗಲೆಲ್ಲ "ಕೇರಿ ಹೊಲಸು, ಅದಕ್ಕೇ ರೋಗ" ಎನ್ನುವವರಿದ್ದಾರೆ. ಈ ಸೊಳ್ಳೆಗೆ ಜಾತಿ ಇಲ್ಲ. ಬಂಗಲೆಯ ಹೂಕುಂಡದ ತಟ್ಟೆಯಲ್ಲೂ ಹುಟ್ಟುತ್ತದೆ, ಕೇರಿಯ ಕೊಡದಲ್ಲೂ ಹುಟ್ಟುತ್ತದೆ. ನೀರು ದಿನಾ ಬರದ ಕಡೆ ಜನ ಹೆಚ್ಚು ಕೂಡಿಡುತ್ತಾರೆ, ಅಷ್ಟೇ. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬ ಪ್ರತೀತ್ಯಸಮುತ್ಪಾದ ಇಲ್ಲಿಯೂ ನಿಜ. ಅವಮಾನದ ಮಾತಿಗೆ ತಲೆ ತಗ್ಗಿಸಬೇಡಿ, ಕಾರಣವನ್ನು ತೋರಿಸಿ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ಗೊತ್ತುಮಾಡಿತು. ನಮ್ಮ ಹೊಣೆ ನಾವು ಹೊರೋಣ. ಜೊತೆಗೆ, ನೀರು ಹೊತ್ತಿಗೆ ಸರಿಯಾಗಿ ಬಿಡಿ ಎಂದು ವಾರ್ಡಿನವರೆಲ್ಲ ಕೂಡಿ ಕೇಳೋಣ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದ ಬಾಬಾಸಾಹೇಬರ ಮಕ್ಕಳು ನಾವು. ನೀರು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮರಿಹುಳ ಇರುವ ನೀರು ಚೆಲ್ಲಿದರೆ ಜೀವ ಹೋಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪಕ್ಕದ ಮನೆಯ ಕೂಸು ಜ್ವರದಲ್ಲಿ ನರಳಬಾರದು ಎಂಬುದು ಅಗತ್ಯ. ಚೆಲ್ಲಬೇಕು, ದ್ವೇಷವಿಲ್ಲದೆ ಚೆಲ್ಲಬೇಕು. ಶೀಲ ನಮ್ಮನ್ನು ಕೇಳುವ ನಿಜವಾದ ಪ್ರಶ್ನೆ ಅದಕ್ಕಿಂತ ಹಿಂದಿನದು: ಕಳೆದ ವಾರ ಬ್ಯಾರಲ್ಲಿಗೆ ಯಾಕೆ ಬಟ್ಟೆ ಕಟ್ಟಲಿಲ್ಲ? ಕಟ್ಟಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತಿರಲಿಲ್ಲ, ಹುಳ ಸಾಯುತ್ತಿರಲಿಲ್ಲ, ಕೂಸಿಗೂ ಜ್ವರ ಬರುತ್ತಿರಲಿಲ್ಲ. ಎಚ್ಚರ ಇದ್ದಲ್ಲಿ ಕೊಲ್ಲುವ ಅಗತ್ಯವೇ ಕಡಿಮೆಯಾಗುತ್ತದೆ. ಇದನ್ನೇ ಧಮ್ಮದಲ್ಲಿ ಅಪ್ಪಮಾದ ಎನ್ನುತ್ತಾರೆ.

ಈ ವಾರದ ಸಂಕಲ್ಪ:
• ವಾರಕ್ಕೊಮ್ಮೆ ಬ್ಯಾರಲ್, ಕೊಡ, ದನದ ಬಾನಿ ಬರಿದು ಮಾಡಿ, ಒಳಗೋಡೆ ತಿಕ್ಕಿ ತೊಳೆಯಿರಿ. ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.
• ತುಂಬಿದ ಕೂಡಲೇ ಮುಚ್ಚಳ ಹಾಕಿ, ಇಲ್ಲವೇ ಬಟ್ಟೆ ಬಿಗಿದು ಕಟ್ಟಿ.
• ಹಳೇ ಟೈರ್, ತೆಂಗಿನ ಚಿಪ್ಪು ಮಳೆಗೆ ಬಿಡಬೇಡಿ.
• ಹಗಲು ಮಲಗುವ ಕೂಸಿಗೂ ಪರದೆ ಕಟ್ಟಿ, ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿ.
• ಜ್ವರ ಬಂದರೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ, ದವಾಖಾನೆಗೆ ಹೋಗಿ.
• ನಿಮ್ಮದು ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯ ಹರವಿಯನ್ನೂ ತೊಳೆದುಕೊಡಿ. ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ನಮ್ಮನ್ನು ಕಚ್ಚುವುದು ಬಹುಪಾಲು ನಮ್ಮ ಓಣಿಯಲ್ಲೇ ಹುಟ್ಟಿದ್ದು. ಮೈತ್ರಿಯೂ ಓಣಿಯಿಂದಲೇ ಶುರುವಾಗಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏