ಮನೆಯ ಮುಖ ಯಾರದು?

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತೇವಲ್ಲ, ಆ ನೆಲ ಯಾರದು? ಹೊಸಿಲಿನ ಒಳಗಿನದು ನಮ್ಮದು, ಸರಿ. ರಂಗೋಲಿ ಬೀಳುವ ಜಾಗ ಬಹುಪಾಲು ಬೀದಿಯದೇ. ಇಟ್ಟವಳು ಒಳಗೆ ಹೋಗಿ ಒಲೆ ಹಚ್ಚಿದ ಮೇಲೆ ಅದನ್ನು ನೋಡುವವರು ಹಾಲಿನವನು, ಶಾಲೆಗೆ ಹೋಗುವ ಮಕ್ಕಳು, ಎದುರುಮನೆಯವರು. ಮನೆಯ ಮುಖ ಒಳಗಿರುವವರಿಗಿಂತ ಬೀದಿಯವರಿಗೇ ಹೆಚ್ಚು ಕಾಣುತ್ತದೆ ಎಂಬುದನ್ನು ಹೆಂಗಸರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಹಾಗಾಗಿ, ಹಳೆಯ ಊರುಗಳ ನಡುಭಾಗದಲ್ಲಿ ಇಷ್ಟೇ ಎತ್ತರ ಕಟ್ಟಬೇಕು, ಇಂಥದನ್ನು ಕೆಡವಬಾರದು ಎಂಬ ಮಾತು ಬಂದಾಗ ನನ್ನ ಮನಸ್ಸು ಮೊದಲು ಕಾನೂನಿನ ಕಡೆಗೇ ವಾಲುತ್ತದೆ. "ನನ್ನ ಸೈಟು, ನನ್ನ ದುಡ್ಡು, ನನ್ನ ಇಷ್ಟ" ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಬ್ಬರು ಮೂರು ಅಂತಸ್ತು ಏರಿಸಿದರೆ ಪಕ್ಕದ ಮನೆಯ ಸಂಡಿಗೆಗೆ ಬಿಸಿಲಿಲ್ಲ. ಬೀದಿಯ ತುದಿಯಲ್ಲಿ ಕಾಣುತ್ತಿದ್ದ ಗೋಪುರ ಒಂದು ದಿನ ನೀರಿನ ಟ್ಯಾಂಕಿನ ಹಿಂದೆ ಅಡಗಿರುತ್ತದೆ. ಅದನ್ನು ಯಾರೂ ಕದ್ದಿಲ್ಲ. ಎಲ್ಲರೂ ತಂತಮ್ಮ ಸೈಟಿನಲ್ಲೇ ಕಟ್ಟಿಕೊಂಡಿದ್ದಾರೆ.

ಆದರೂ ಒಂದು ಮುಳ್ಳು ಉಳಿದುಬಿಡುತ್ತದೆ. ರಂಗೋಲಿ ಇಡು ಎಂದು ಪುರಸಭೆ ಯಾರಿಗೂ ಅಪ್ಪಣೆ ಮಾಡಿಲ್ಲ. ನಾಳೆ ನೋಟೀಸು ಬಂದು, ದಿನವೂ ಇಷ್ಟು ಚುಕ್ಕಿಯದನ್ನೇ ಇಡತಕ್ಕದ್ದು, ತಪ್ಪಿದರೆ ದಂಡ ಎಂದರೆ ಎಷ್ಟು ಜನ ಸಂತೋಷದಿಂದ ಇಟ್ಟೇವು? ಪುಡಿಯ ಖರ್ಚು ಯಾರದು ಎಂದು ಮೊದಲು ಕೇಳುತ್ತೇವೆ. ಕೇಳಬೇಕಾದದ್ದೇ.

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಟೀಚರೊಬ್ಬರ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗಿದೆ, ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ. ನಾಡಹೆಂಚಿನ ಮನೆ, ಜಗಲಿ, ಮರದ ಕಂಬ. ದೇವಸ್ಥಾನ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ಇವರದು ಮೊದಲ ನೂರರ ಒಳಗಿನ ಮನೆ. ಅತ್ತೆಯವರಿಗೆ ಮಂಡಿನೋವು, ಬಚ್ಚಲು ಹಿತ್ತಲಿನಲ್ಲಿ. ಮಳೆಯಲ್ಲಿ ನೆನೆಯುತ್ತಾ ಹೋಗಿಬರಬೇಕು. ಕೋಣೆಗೆ ಅಂಟಿದಂತೆ ಒಂದು ಬಚ್ಚಲು ಕಟ್ಟಿಸೋಣವೆಂದರೆ ಅದು ಹೊಸ ಕಟ್ಟಡ! "ನೋಡೋಕೆ ಬಂದವರು ಜಗಲಿ ಮೇಲೆ ಕೂತು, ಎಷ್ಟು ಚೆಂದ ಇದೆ, ಹೀಗೇ ಇಟ್ಕೊಳ್ಳಿ ಅಂತಾರೆ ಕಣ್ರೀ. ಮಾಡು ಸೋರೋದು ಅವರಿಗೆ ಕಾಣಲ್ಲವಲ್ಲ" ಎಂದರು.

ಆ ಮಾತಿನಲ್ಲಿ ಇಡೀ ಪ್ರಶ್ನೆಯೇ ಇದೆ. ಚೆಂದ ನೋಡಿ ಹೋಗುವವರದು, ಸೋರುವುದು ಇರುವವರ ತಲೆಯ ಮೇಲೆ.

ಖಾಸಗಿ ಮನೆಯ ಮಾತು ಬಿಡಿ, ಸಾರ್ವಜನಿಕರ ಆಸ್ತಿಯನ್ನಾದರೂ ಚೆನ್ನಾಗಿ ನೋಡಿಕೊಂಡೆವೇ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಸಾಲು ಅಂಗಡಿಗಳಲ್ಲಿ ಹಳೆಯ ಪುಸ್ತಕ ಹುಡುಕಿದವರು ನಿಮ್ಮಲ್ಲೂ ಇರಬಹುದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು, 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಪಾರಂಪರಿಕ ಎಂದು ಹೆಸರಿಟ್ಟೆವು, ಕೆಡವಬೇಡಿ ಎಂದೆವು. ವರ್ಷ ವರ್ಷ ಗೋಡೆಯ ಬಿರುಕು ನೋಡುವ ಕೆಲಸ ಮಾತ್ರ ಯಾರದೂ ಆಗಲಿಲ್ಲ. ಕೆಡವಬೇಡ ಎನ್ನುವುದು ಸುಲಭ, ಅದಕ್ಕೆ ಗಾರೆ ಬೇಡ, ಕೂಲಿ ಬೇಡ.

ಮಾರುಕಟ್ಟೆ ಬಿದ್ದ ಮೇಲೆ ಒಂದು ಜಗಳ ಹುಟ್ಟಿತು. ಪೂರ್ತಿ ಕೆಡವಿ ಅದೇ ರೂಪದಲ್ಲಿ ಕಟ್ಟೋಣ ಎಂದರು ಕೆಲವರು. ಇರುವುದನ್ನೇ ಗಟ್ಟಿ ಮಾಡಿ ಎಂದರು ಕೆಲವರು. ಅಜ್ಜಿಯ ಧಾರೆ ಸೀರೆಯ ಮೈ ಜೀರ್ಣವಾದಾಗ ಅಂಚು ಸೆರಗು ಬಿಡಿಸಿ ಹೊಸ ಮೈಗೆ ಹೊಲಿಸುತ್ತೇವೆ. ಅದು ಅಜ್ಜಿಯ ಸೀರೆಯೇ, ನಮ್ಮ ಮಟ್ಟಿಗೆ. ಅಂಚನ್ನೂ ಬಿಸಾಕಿ ಅದೇ ಬಣ್ಣದ್ದನ್ನು ಅಂಗಡಿಯಿಂದ ತಂದರೆ? ನನಗಂತೂ ಒಪ್ಪುವುದಿಲ್ಲ. ಆದರೆ ಆ ಜೀರ್ಣವಾದ ಸೀರೆಯನ್ನೇ ಉಟ್ಟು ದಿನವೂ ದುಡಿ ಎಂದು ಇನ್ನೊಬ್ಬಳಿಗೆ ಹೇಳುವ ಹಕ್ಕೂ ನನಗಿಲ್ಲ.

ನನ್ನ ಮಟ್ಟಿಗೆ ಕಾನೂನು ಇರಲಿ. ಎತ್ತರಕ್ಕೆ ಮಿತಿ ಇರಲಿ. ಆದರೆ ಊರಿಗಾಗಿ ಮನೆಯ ಮುಖ ಕಾಯ್ದುಕೊಡುವವಳ ಮಾಡಿನ ಹೆಂಚು ಕೈಯಾಡಿಸುವ ಖರ್ಚಿನಲ್ಲಿ ಊರಿನದೂ ಒಂದು ಪಾಲು ಇರಬೇಕು. ಕಂದಾಯದಲ್ಲಾದರೂ ಬಿಡಲಿ. ನಾಡಹೆಂಚು, ಹಳೆಯ ಗಾರೆಯ ಕೆಲಸ ಬಲ್ಲವರನ್ನು ಊರೇ ಸಾಕಲಿ. ಮುದುಕರಿಗೆ ಬೇಕಾದ ಬಚ್ಚಲು, ಬೀದಿಗೆ ಕಾಣದ ಹಿಂಬದಿ, ಇವುಗಳ ವಿಷಯದಲ್ಲಿ ಕಾನೂನಿನ ಕಣ್ಣು ಸ್ವಲ್ಪ ಮೆತ್ತಗಾಗಲಿ.

ಇದನ್ನೆಲ್ಲ ಹೇಳಿದಾಗ ಆ ಟೀಚರ್ ನಕ್ಕರು. ಒಳಗಿನ ಉಗ್ರಾಣದ ಕೋಣೆಯನ್ನೇ ಬಚ್ಚಲು ಮಾಡಿಕೊಳ್ಳಲು ರಿಪೇರಿ ಅನುಮತಿಗೆ ಅರ್ಜಿ ಹಾಕಿದ್ದಾರಂತೆ. "ಪಾಲು ಆಮೇಲೆ ಕೊಡಲಿ ಬಿಡಿ, ಮೊದಲು ಉತ್ತರ ಕೊಡಲಿ" ಎಂದರು. ಅವರ ಅತ್ತೆಗೆ ಈಗ ಎಂಬತ್ತಾರು.