ದೋಣಿ ಕೊಂಡ ಮೊದಲ ವರ್ಷ

ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಸಾಲು ಹವಾಮಾನ ವರದಿಯ ಕೊನೆಯಲ್ಲಿ ಆಗಾಗ ಬರುತ್ತದೆ. ಸೋಲೂರಿನಲ್ಲಿ ಕೂತು ಪೇಪರ್ ಓದುವ ನಾವು ಅದನ್ನು ದಾಟಿ, ನಮ್ಮ ಕಡೆ ರಾಗಿಗೆ ಹದಮಳೆ ಬರುತ್ತದೋ ಇಲ್ಲವೋ ಎಂದು ಹುಡುಕುತ್ತೇವೆ. ಕಡಲು ಇಲ್ಲಿಗೆ ಸುಮಾರು 300 ಕಿಲೋಮೀಟರ್ ದೂರ. ನಮ್ಮ ಶಿವಗಂಗೆ ಬೆಟ್ಟದ ಕುಮುದ್ವತಿಯ ನೀರು ಕೂಡ ಆ ದಿಕ್ಕಿಗೆ ಹರಿಯುವುದಿಲ್ಲ. ಅರ್ಕಾವತಿಗೆ ಸೇರಿ, ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡಿ ಪೂರ್ವಕ್ಕೆ ಹೋಗಿಬಿಡುತ್ತದೆ. ಆದರೂ ಪಡುವಣ ಕಡಲು ದಿನವೂ ನಮ್ಮೂರ ಮೇಲೆ ಹಾದುಹೋಗುತ್ತದೆ. ಮಂಗಳೂರು ಹೆದ್ದಾರಿಯಲ್ಲಿ ಐಸ್ ನೀರು ತೊಟ್ಟಿಕ್ಕಿಸುತ್ತಾ ಬರುವ ಲಾರಿಗಳಲ್ಲಿ ಬಂಗಡೆ, ಬೂತಾಯಿ, ಅಂಜಲ್ ಇರುತ್ತವೆ. ಸಂಜೆ ಬೆಂಗಳೂರು ಬಿಟ್ಟು ನಮ್ಮ ಹಳಿಗಳ ಮೇಲೆಯೇ ಕಾರವಾರಕ್ಕೆ ಹೋಗುವ ರೈಲಿನ ಹೆಸರು ಪಂಚಗಂಗಾ. ಗಂಗೊಳ್ಳಿಯ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಡಕ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುತ್ತವಲ್ಲ, ಅದೇ ಪಂಚಗಂಗಾವಳಿ.

ಆ ಗಂಗೊಳ್ಳಿಯಂಥ ಊರಿನಲ್ಲಿ ಒಬ್ಬ ಯುವಕ ಈ ವರ್ಷ ಮೊದಲ ಸಲ ಸ್ವಂತ ನಾಡದೋಣಿ ಕೊಳ್ಳುತ್ತಾನೆ ಎಂದಿಟ್ಟುಕೊಳ್ಳಿ. ಅಂಥವರು ಪ್ರತಿ ವರ್ಷವೂ ಇರುತ್ತಾರೆ. ಮನೆಯವರ ಒಡವೆ ಅಡವಿಟ್ಟು, ಸಂಘದಲ್ಲಿ ಸಾಲ ಮಾಡಿ, ಸಣ್ಣ ಫೈಬರ್ ದೋಣಿಯೊಂದನ್ನು ತಂದು ಅದರ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟುತ್ತಾರೆ. ದೋಣಿಗೆ ಹೂವು ಹಾಕಿ ತೆಂಗಿನಕಾಯಿ ಒಡೆದ ಮಾರನೇ ಬೆಳಿಗ್ಗೆಯೇ ಸಾಲದ ಕಂತು ಕಣ್ಣ ಮುಂದೆ ನಿಲ್ಲುತ್ತದೆ. ಬೇಗ ಹೋಗಬೇಕು, ದೂರ ಹೋಗಬೇಕು, ಹೆಚ್ಚು ಹಿಡಿಯಬೇಕು ಎನಿಸುವುದು ಆಗಲೇ. ಮೊದಲ ವರ್ಷದಲ್ಲಿ ಅವನಿಗೆ ದೊಡ್ಡ ಅಪಾಯ ಈ ಅವಸರ. ಮೀನು ಹಿಡಿಯುವುದನ್ನು ನಿಧಾನವಾಗಿ ಕಲಿಯಬಹುದು. ಮನೆಗೆ ಮರಳುವುದನ್ನು ಮೊದಲು ಕಲಿಯಬೇಕು.

ಅಪಾಯ ನಡುಗಡಲಿನಲ್ಲಿ ಇದೆ ಎಂದು ಒಳನಾಡಿನ ನಾವು ತಿಳಿಯುತ್ತೇವೆ. ಸಣ್ಣ ದೋಣಿಗಳು ಹೆಚ್ಚಾಗಿ ಮಗುಚುವುದು ಮನೆ ಕಾಣುವಷ್ಟು ಹತ್ತಿರದಲ್ಲಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ. ಅಲ್ಲಿ ಹೊಳೆ ತಂದ ಮರಳು ದಿಬ್ಬವಾಗಿ ಕೂತಿರುತ್ತದೆ. ಮಳೆಗಾಲ ಕಳೆದ ಮೇಲೆ ಆ ದಿಬ್ಬ ಹೋದ ವರ್ಷ ಇದ್ದ ಜಾಗದಲ್ಲೇ ಇರುತ್ತದೆಂಬ ಖಾತ್ರಿ ಇಲ್ಲ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ರಭಸದಿಂದ ಹೊರಗೆ ಹರಿಯುತ್ತದೆ, ಕಡಲಿನ ಅಲೆ ಒಳಗೆ ಬರುತ್ತದೆ. ಎರಡೂ ಎದುರಾದಲ್ಲಿ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಹೊರಗೆ ಹೋಗುವಾಗ ಮೂತಿ ಅಲೆಗೆ ನೇರವಾಗಿರುವುದರಿಂದ ದೋಣಿ ಹೇಗೋ ಹತ್ತಿ ಇಳಿಯುತ್ತದೆ. ಕಷ್ಟವಿರುವುದು ಒಳಗೆ ಬರುವಾಗ. ಹಿಂದಿನಿಂದ ಬಂದ ಅಲೆ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ತಿರುಗಿಸಿತೆಂದರೆ ದೋಣಿ ಅಡ್ಡಲಾಗುತ್ತದೆ, ಮುಂದಿನ ಅಲೆಗೆ ಮಗುಚುತ್ತದೆ. ಅದಕ್ಕೇ ಬಲ್ಲ ತಾಂಡೇಲ, ಅಂದರೆ ದೋಣಿ ನಡೆಸುವವನು, ಅಳಿವೆಯ ಹೊರಗೆ ಎಂಜಿನ್ ತಗ್ಗಿಸಿ ನಿಲ್ಲುತ್ತಾನೆ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗುವುದನ್ನು ನೋಡುತ್ತಾನೆ. ಬಳಿಕ ಒಂದು ಅಲೆಯ ಬೆನ್ನ ಹಿಂದೆಯೇ ಅದರದೇ ವೇಗದಲ್ಲಿ, ಅದನ್ನು ದಾಟದೆ, ಅದರಿಂದ ಹಿಂದೆಯೂ ಉಳಿಯದೆ ಒಳಗೆ ಬರುತ್ತಾನೆ. ಇದನ್ನು ಓದಿ ಕಲಿಯಲಾಗದು. ಅವನ ಪಕ್ಕ ಕೂತು, ಅವನ ಕೈ ನೋಡಿ ಕಲಿಯಬೇಕು. ನಮ್ಮ ಕಡೆ ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುವ ಹಾಗೆ, ದೋಣಿ ಸ್ವಂತದ್ದಾದರೂ ಮೊದಲ ಕೆಲವು ತಿಂಗಳು ಹಿರಿಯ ತಾಂಡೇಲನೊಬ್ಬ ಜೊತೆಗಿರಬೇಕು. ಹಿಡಿದ ಮೀನಿನಲ್ಲಿ ಅವನಿಗೆ ಪಾಲು ಕೊಡಬೇಕಾಗುತ್ತದೆ, ನಿಜ. ಬೇರೆ ಯಾವ ಖರ್ಚೂ ಅಷ್ಟು ಸಾರ್ಥಕವಲ್ಲ.

ಉಬ್ಬರ-ಇಳಿತದ ಲೆಕ್ಕವೂ ಹಾಗೆಯೇ ಬಾಯಿಪಾಠವಾಗಬೇಕು. ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಗಾಳಿಗೂ ದಿನಚರಿ ಇದೆ. ರಾತ್ರಿ ನೆಲ ಬೇಗ ತಣ್ಣಗಾಗಿ ಬೆಳಗಿನ ಜಾವ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ, ನೀರು ಶಾಂತವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಅಲೆ ಏಳುತ್ತದೆ. ಸಣ್ಣ ದೋಣಿಯವರು ಕತ್ತಲಿರುವಾಗಲೇ ಹೊರಟು ಬಿಸಿಲೇರುವ ಮುನ್ನ ಮರಳುವುದಕ್ಕೆ ಕಾರಣ ಇದು. ಹೊಸಬರಿಗೆ ತಕ್ಕ ಕಾಲವೆಂದರೆ ಮಳೆ ನಿಂತ ಮೇಲಿನ ತಿಂಗಳುಗಳು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ಬೋಟುಗಳಿಗೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ತೂಫಾನ್ ಎದ್ದು ಕಡಲು ಕಲಕಿದ ಮೇಲೆ ಮಾಟುಬಲೆ ಎಂಬ ದೊಡ್ಡ ಬಲೆ ಹಾಕುವ ತಂಡಗಳು ಇಳಿಯುವುದೂ ಆಗಲೇ. ಆದರೆ ಅದು ತಲೆಮಾರುಗಳಿಂದ ಕಡಲು ಬಲ್ಲ ತಂಡಗಳ ಕೆಲಸ. ಕಾನೂನು ಬೇಡ ಎನ್ನುವುದಿಲ್ಲವೆಂದು ಮೊದಲ ಮಳೆಗಾಲದಲ್ಲೇ ಹೊಸಬ ಇಳಿಯಬಾರದು.

ಇನ್ನು ದೋಣಿಯ ಒಳಗೆ ನೋಡೋಣ. ನೀರಿಗೆ ತಳ್ಳುವ ಮೊದಲು ಹಿಂಬದಿಯ ತೂತಿಗೆ ಬಿರಡೆ ಹಾಕಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಬೇಕು. ಎಂಜಿನ್ ಶುರುವಾದೊಡನೆ ಅದರ ಪಕ್ಕದಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆಯೊಂದು ಹಾರುತ್ತದೆ. ಅದು ಎಂಜಿನ್ನನ್ನು ತಂಪು ಮಾಡಿ ಹೊರಬರುವ ನೀರು. ಆ ಧಾರೆ ನಿಂತರೆ ಪ್ಲಾಸ್ಟಿಕ್ ಚೀಲವೋ ಕಳೆಯೋ ನೀರೆಳೆಯುವ ತೂತನ್ನು ಮುಚ್ಚಿದೆ ಎಂದರ್ಥ. ತಕ್ಷಣ ಆರಿಸದಿದ್ದರೆ ಎಂಜಿನ್ ಸುಟ್ಟುಹೋಗುತ್ತದೆ. ಎಂಜಿನ್ನಿಗೆ ಸಿಕ್ಕಿಸಿದ ಕೆಂಪು ಸುರುಳಿ ಹಗ್ಗದ ಇನ್ನೊಂದು ತುದಿ ಓಡಿಸುವವನ ಮಣಿಕಟ್ಟಿನಲ್ಲಿರಬೇಕು. ಅವನು ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ದೋಣಿ ಅವನನ್ನು ಬಿಟ್ಟು ಓಡುತ್ತದೆ, ಇಲ್ಲವೇ ಸುತ್ತು ಹಾಕಿ ಅವನ ಮೇಲೇ ಬರುತ್ತದೆ. ಎಷ್ಟೋ ಜನ ಆ ಹಗ್ಗವನ್ನು ಎಂಜಿನ್ನಿಗೇ ಸುತ್ತಿ ಇಡುತ್ತಾರೆ. ಲಂಗರಿನ ಹಗ್ಗ ನೀರಿನ ಆಳದ ಐದು ಪಟ್ಟಾದರೂ ಇದ್ದರೆ ಲಂಗರು ಕಚ್ಚುತ್ತದೆ. ಇಂಧನವನ್ನು ಮೂರು ಪಾಲು ಮಾಡಿ ಒಂದು ಹೋಗಲು, ಒಂದು ಬರಲು, ಒಂದು ಮುಟ್ಟದೇ ಇಡಲು ಎಂದು ಎಣಿಸಬೇಕು. ಮರಳಿದ ಮೇಲೆ ಎಂಜಿನ್ನಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯದಿದ್ದರೆ ಅದು ಬೇಗ ತುಕ್ಕು ಹಿಡಿಯುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ಹೆಚ್ಚಿನ ದೋಣಿಗಳಲ್ಲಿ ಅದು ಇರುತ್ತದೆ, ಆದರೆ ಮೂಲೆಯಲ್ಲಿ, ಬಲೆಯ ಅಡಿಯಲ್ಲಿ. ಬಲೆ ಎಳೆಯುವಾಗ ತೊಡಕು, ಸೆಖೆ ಎನ್ನುತ್ತಾರೆ. ಆ ಮಾತಿನಲ್ಲಿ ನಿಜವಿದೆ. ಆದರೂ ಅಳಿವೆ ದಾಟುವ ಆ ಕೆಲವು ನಿಮಿಷವಾದರೂ ತೊಡಲೇಬೇಕು. ಈಜು ಬಲ್ಲವನೂ ತಲೆಗೆ ಪೆಟ್ಟು ಬಿದ್ದರೆ ಈಜಲಾರ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಅದಕ್ಕೂ ಹಿನ್ನೆಲೆ ಇದೆ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕಾ ಬೋಟನ್ನು ವಶಮಾಡಿಕೊಂಡು. ಆ ಬಳಿಕ ದೋಣಿಯ ನೋಂದಣಿ, ಮೀನುಗಾರರ ಗುರುತಿನ ಚೀಟಿ ಎಲ್ಲ ಬಿಗಿಯಾದವು. ಕಾಣೆಯಾದವರನ್ನು ಹುಡುಕುವವರಿಗೂ ಮೊದಲು ಬೇಕಾಗುವುದು ಆ ನೋಂದಣಿ ಸಂಖ್ಯೆಯೇ. ಎಷ್ಟು ಜನ ಹೋದರು, ಯಾವ ಕಡೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ದಡದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ಸುವರ್ಣ ತ್ರಿಭುಜ ಬೋಟಿನಲ್ಲಿ ಏಳು ಮಂದಿ ಇದ್ದರು. ಅದು ಆಳಸಮುದ್ರದ ದೊಡ್ಡ ಬೋಟು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಸಿಕ್ಕಿದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಯವರು ಬಾಗಿಲು ನೋಡುತ್ತಾ ಕೂತಿದ್ದರು. ದೊಡ್ಡ ಬೋಟಿನ ಕಥೆಯೇ ಹೀಗಾದರೆ ಸಣ್ಣ ದೋಣಿಯವರು ಎಷ್ಟು ಎಚ್ಚರ ಇರಬೇಕು!

ಬಂದರಿನ ಹಿರಿಯರು ಪಡುವಣ ದಿಕ್ಕು ನೋಡಿ 'ಇವತ್ತು ಬೇಡ' ಎಂದರೆ ಹೊಸ ದೋಣಿಯವನು ಸುಮ್ಮನೆ ಹಿಂತಿರುಗಬೇಕು. ಆ ದಿನ ಬೇರೆಯವರು ಹೋಗಿ ಬುಟ್ಟಿ ತುಂಬ ಬಂಗಡೆ ತಂದರೂ ಹೊಟ್ಟೆ ಉರಿದುಕೊಳ್ಳಬಾರದು. ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ವೇಗವನ್ನೆಲ್ಲ ಮುಂಚೆಯೇ ಹೇಳುತ್ತದೆ. ಅದನ್ನೂ ಕೇಳಬೇಕು, ಹಿರಿಯರನ್ನೂ ಕೇಳಬೇಕು. ಎರಡರಲ್ಲಿ ಒಂದು ಬೇಡ ಎಂದರೂ ಅವತ್ತು ಬಲೆ ಹೆಣೆಯುವ ದಿನ.

ಇದನ್ನು ಸೋಲೂರಿನವರಿಗೆ ಏಕೆ ಹೇಳಬೇಕು? ನಮ್ಮ ಮಾಗಡಿಯ ಮಂಚನಬೆಲೆ ಜಲಾಶಯದಲ್ಲಿ ನೀರಿಗಿಳಿದ ಯುವಕರು ಮರಳದ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ವಾರದ ಕೊನೆಗೆ ಮಲ್ಪೆ, ಗೋಕರ್ಣ, ಮುರುಡೇಶ್ವರಕ್ಕೆ ಹೋಗುವ ನಮ್ಮ ಮಕ್ಕಳು ದೋಣಿ ಹತ್ತುತ್ತಾರೆ, ಗಾಳ ಹಾಕಬೇಕೆಂದು ಆಸೆಪಡುತ್ತಾರೆ. ಹೋಗಲಿ. ಹತ್ತುವ ಮೊದಲು ಜಾಕೆಟ್ ಕೇಳಿ ತೊಡಲಿ. ದೋಣಿಯವನು ಇವತ್ತು ಬೇಡ ಎಂದರೆ ಹೆಚ್ಚು ದುಡ್ಡು ಕೊಡುತ್ತೇವೆಂದು ಅವನನ್ನು ಒತ್ತಾಯಿಸದಿರಲಿ. ಎರಡು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ: ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093.