ಗುಣದ ನೆಲೆ

ವಿಲೆ ಪಾರ್ಲೆಯ ಪೂರ್ವಭಾಗದಲ್ಲಿ, ಹಳೆಯ ಮನೆಗಳನ್ನು ಕೆಡವಿ ಎತ್ತರದ ಸೌಧಗಳನ್ನು ಎಬ್ಬಿಸುವ ಕಾರ್ಯವು ಬೀದಿಬೀದಿಯಲ್ಲಿ ನಡೆದಿರುವ ಈ ಕಾಲದಲ್ಲಿ, ಅಸ್ತಿವಾರಕ್ಕಾಗಿ ಅಗೆದ ಹಳ್ಳದಿಂದ ಮೇಲೆ ಬಂದ ಮುಷ್ಟಿಗಾತ್ರದ ಕರಿಗಲ್ಲೊಂದು ಈ ಸಂವಾದಕ್ಕೆ ನಿಮಿತ್ತವಾಯಿತು. ಮಾತನಾಡಿದವರು ಮೂವರು: ನ್ಯಾಯವೈಶೇಷಿಕಗಳ ವ್ಯಾಸಂಗದಲ್ಲಿ ಆಯುಷ್ಯವನ್ನು ಕಳೆದ ತಾರ್ಕಿಕರು, ಲೋಹಗಳ ಆಕ್ಸೈಡುಗಳಲ್ಲಿ ಪರಿಶ್ರಮವುಳ್ಳ ರಸಾಯನಜ್ಞರು, ಭೌತವಿಜ್ಞಾನವನ್ನು ಓದುತ್ತಿರುವ ವಿದ್ಯಾರ್ಥಿನಿ. ಕಲ್ಲನ್ನು ದಿಕ್ಸೂಚಿಯ ಸಮೀಪಕ್ಕೆ ತಂದೊಡನೆ ಮುಳ್ಳು ತುಸು ಓಲಾಡಿ, ತನ್ನ ನೆಲೆಯಿಂದ ಸ್ವಲ್ಪ ಸರಿದು ನಿಂತಿತು.

ತಾರ್ಕಿಕರು: ಈ ಶಿಲೆಯಲ್ಲಿ ಕಬ್ಬಿಣವಿದೆ, ಕಬ್ಬಿಣದಲ್ಲಿ ಕಾಂತತ್ವವಿದೆ, ಆದುದರಿಂದ ಮುಳ್ಳು ಸರಿಯಿತು. ಗುಣವು ದ್ರವ್ಯವನ್ನು ಆಶ್ರಯಿಸಿರುವುದೆಂದು ಕಣಾದರು ಹೇಳಿದ ಮೇಲೆ ಇದರಲ್ಲಿ ವಿಚಾರಿಸತಕ್ಕದ್ದೇನಿದೆ?

ರಸಾಯನಜ್ಞರು: ಕಬ್ಬಿಣವಿದೆ ಎಂದರೆ ಸಾಲದು. ಕಾವಿಮಣ್ಣಿಗೆ ಕೆಂಪನ್ನು ಕೊಡುವ ಹೆಮಟೈಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಕಬ್ಬಿಣ. ಈ ಕಲ್ಲಿನ ಕರಿಯ ಕಣಗಳಿಗೆ ಮೂಲವಾದ ಮ್ಯಾಗ್ನಟೈಟಿನಲ್ಲಿ ಸುಮಾರು 72 ಪಾಲು. ಎರಡರಲ್ಲಿಯೂ ಕಬ್ಬಿಣ ಮತ್ತು ಆಮ್ಲಜನಕಗಳ ಹೊರತು ಬೇರೇನೂ ಇಲ್ಲ. ಆದರೂ ಒಂದು ಅಯಸ್ಕಾಂತದ ವಿಷಯದಲ್ಲಿ ಉದಾಸೀನವಾಗಿದ್ದರೆ ಮತ್ತೊಂದು ಹಾರಿ ಬಂದು ಅಂಟುತ್ತದೆ. ಒಂದು ವಿದ್ಯುತ್ತನ್ನು ತಡೆದರೆ ಮತ್ತೊಂದು ಹರಿಯಗೊಡುತ್ತದೆ. ನಮ್ಮ ಕುದುರೆಮುಖದಲ್ಲಿ, 2005ರ ಕೊನೆಗೆ ಗಣಿಯನ್ನು ಮುಚ್ಚುವವರೆಗೆ, ಅದಿರನ್ನು ನುಣ್ಣಗೆ ಅರೆದು ಕಾಂತಗಳಿಂದ ಬೇರ್ಪಡಿಸುತ್ತಿದ್ದುದು ಮ್ಯಾಗ್ನಟೈಟಿನ ಈ ಗುಣವನ್ನು ನಂಬಿಯೇ.

ತಾರ್ಕಿಕರು: ಭೇದಕ್ಕೆ ಹೇತುವೇನು?

ರಸಾಯನಜ್ಞರು: ನೆರೆಹೊರೆ. ಮ್ಯಾಗ್ನಟೈಟಿನಲ್ಲಿ ಆಮ್ಲಜನಕದ ಅಯಾನುಗಳು ಒತ್ತಾಗಿ ಜೋಡಿಕೊಂಡಿರುತ್ತವೆ. ಅವುಗಳ ನಡುವಣ ತೆರಪುಗಳಲ್ಲಿ ಕಬ್ಬಿಣವು ನೆಲೆಸಿರುತ್ತದೆ. ಕೆಲವು ಕಬ್ಬಿಣಗಳಿಗೆ ನಾಲ್ಕು ಆಮ್ಲಜನಕಗಳ ನೆರೆ. ಅವುಗಳ ಎರಡರಷ್ಟು ಕಬ್ಬಿಣಗಳಿಗೆ ಆರರ ನೆರೆ. ನಾಲ್ಕರ ನೆರೆಯವುಗಳ ಕಾಂತತ್ವವು ಒಂದು ದಿಕ್ಕಿಗೆ ಅಭಿಮುಖವಾದರೆ ಆರರ ನೆರೆಯವುಗಳದು ಅದಕ್ಕೆ ವಿರುದ್ಧವಾದ ದಿಕ್ಕಿಗೆ. ಉಭಯಪಕ್ಷಗಳೂ ಸಮವಲ್ಲವಾದುದರಿಂದ ಕಳೆದು ಉಳಿದ ಶೇಷವೊಂದಿದೆಯಷ್ಟೆ, ಆ ಶೇಷವೇ ಮುಳ್ಳನ್ನು ಸರಿಸಿದ್ದು. ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ಈ ಲೆಕ್ಕವನ್ನು ಬಿಡಿಸಿ ತೋರಿಸಿದನು. ಹೆಮಟೈಟಿನಲ್ಲಾದರೋ ಪಕ್ಷಗಳು ಸಮಬಲವಾಗಿದ್ದು ಶೇಷವು ಅತ್ಯಲ್ಪ. ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಈ ಕಬ್ಬಿಣಗಳಲ್ಲಿ ಒಂದರ ದಿಕ್ಕನ್ನು ಮತ್ತೊಂದಕ್ಕೆ ಮುಟ್ಟಿಸುವುದು ಅವುಗಳ ನಡುವೆ ನಿಂತಿರುವ ಆಮ್ಲಜನಕ; ಆ ಅಯಾನಿನಲ್ಲಿ ಸ್ವತಃ ಕಾಂತತ್ವವೇ ಇಲ್ಲ! ತನ್ನಲ್ಲಿ ಇಲ್ಲದುದನ್ನು ಅದು ಅತ್ತಣಿಂದ ಇತ್ತ ದಾಟಿಸುತ್ತದೆ. ಕ್ರಾಮರ್ಸ್ 1934ರಲ್ಲಿ ಇದನ್ನು ಊಹಿಸಿದನು.

ತಾರ್ಕಿಕರು: ಆಮ್ಲಜನಕವು ನಿಮಿತ್ತಕಾರಣವಷ್ಟೆ, ಸಮವಾಯಿಕಾರಣವು ಕಬ್ಬಿಣವೇ ಅಲ್ಲವೆ?

ರಸಾಯನಜ್ಞರು: ಹಾಗೆಂದು ಒಪ್ಪಿಕೊಳ್ಳುವ ಮುನ್ನ ಪ್ರಯೋಗಶಾಲೆಯ ಒಂದು ಕ್ರಿಯೆಯನ್ನು ಅವಧರಿಸಬೇಕು. ಲ್ಯಾಂಥನಮ್ಮಿನ ಆಕ್ಸೈಡನ್ನೂ ಮ್ಯಾಂಗನೀಸಿನ ಆಕ್ಸೈಡನ್ನೂ ತೂಗಿ, ಅಗೇಟಿನ ಕಲ್ವದಲ್ಲಿ ಗಂಟೆಗಟ್ಟಲೆ ಅರೆದು, 1,000 ಡಿಗ್ರಿಗೆ ಮೀರಿದ ಉರಿಯಲ್ಲಿ ಬೇಯಿಸಿ, ತೆಗೆದು ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ ಮತ್ತೆ ಬೇಯಿಸಿದರೆ ಕಪ್ಪು ಮ್ಯಾಂಗನೈಟ್ ದೊರೆಯುತ್ತದೆ. ತಕ್ಕ ರೀತಿಯಲ್ಲಿ ಬೇಯಿಸಿದ ಆ ಬಿಲ್ಲೆಯು ವಿದ್ಯುತ್ತಿಗೆ ನಿರೋಧಕ, ಅಯಸ್ಕಾಂತಕ್ಕೆ ಅಂಟದು. ಇನ್ನು ಲ್ಯಾಂಥನಮ್ಮಿನ ಹತ್ತು ಪಾಲಿನಲ್ಲಿ ಮೂರನ್ನು ತೆಗೆದು ಸ್ಟ್ರಾನ್ಶಿಯಮ್ಮನ್ನು ಇಡಿರಿ. ತೆಗೆದದ್ದಕ್ಕೂ ಕಾಂತತ್ವವಿಲ್ಲ, ಇಟ್ಟದ್ದಕ್ಕೂ ಇಲ್ಲ. ಮ್ಯಾಂಗನೀಸನ್ನಂತೂ ಯಾರೂ ಮುಟ್ಟಲಿಲ್ಲ. ಆದರೂ ಕುಲುಮೆಯಿಂದ ತೆಗೆದು ಆರಿಸಿದ ಬಿಲ್ಲೆಯನ್ನು ಇಕ್ಕುಳದಲ್ಲಿ ಹಿಡಿದು ಅಯಸ್ಕಾಂತದ ಹತ್ತಿರ ಒಯ್ದರೆ, ನಮ್ಮ ಕೋಣೆಯ ಶಾಖದಲ್ಲಿಯೇ ಅದು ಜಗ್ಗಿಕೊಂಡು ಹೋಗುತ್ತದೆ. ತಂತಿಗಳನ್ನು ಹಚ್ಚಿದರೆ ಲೋಹದ ಹಾಗೆ ವಿದ್ಯುತ್ತನ್ನು ಒಯ್ಯುತ್ತದೆ. ಹಾಲೆಂಡಿನ ಯೋಂಕರ್ ಮತ್ತು ಫಾನ್ ಸಾಂಟೆನ್ 1950ರಲ್ಲಿ ಈ ವರ್ಗವನ್ನು ವರ್ಣಿಸಿದರು. ಮರುವರ್ಷ ಜೇನರ್ ಹೇತುವನ್ನು ಹೇಳಿದನು. ಸ್ಟ್ರಾನ್ಶಿಯಮ್ ಬಂದ ಕಾರಣ ಕೆಲವು ಮ್ಯಾಂಗನೀಸುಗಳಲ್ಲಿ ಒಂದೊಂದು ಎಲೆಕ್ಟ್ರಾನಿನ ಕೊರತೆಯಾಗುತ್ತದೆ. ನೆರೆಯ ಎಲೆಕ್ಟ್ರಾನು ಆಮ್ಲಜನಕವನ್ನು ದಾಟಿ ಆ ಕೊರತೆಯನ್ನು ತುಂಬಲು ಹವಣಿಸುತ್ತದೆ. ಆದರೆ ಎರಡು ಮ್ಯಾಂಗನೀಸುಗಳೂ ಒಂದೇ ದಿಕ್ಕಿಗೆ ಮುಖಮಾಡಿದ್ದಲ್ಲದೆ ಆ ದಾಟುವಿಕೆ ಸುಗಮವಾಗದು. ದಾಟಬೇಕೆಂಬುದರಿಂದ ದಿಕ್ಕು ಕೂಡುತ್ತದೆ, ದಿಕ್ಕು ಕೂಡಿದುದರಿಂದ ದಾಟು ಸಾಗುತ್ತದೆ. ಇಲ್ಲಿ ಕಾಂತತ್ವವೂ ವಿದ್ಯುದ್ವಹನವೂ ಎರಡು ಗುಣಗಳೇ ಅಲ್ಲ. ಒಂದೇ ವ್ಯವಹಾರದ ಎರಡು ಮುಖಗಳು. ಇದನ್ನು ಯಾವ ಪರಮಾಣುವಿನ ಹೆಸರಿಗೆ ಬರೆಯೋಣ?

ತಾರ್ಕಿಕರು: ಒಪ್ಪಿದೆ. ನಮ್ಮಲ್ಲಿಯೂ ಈ ಜಗಳವಿತ್ತು. ಹಸಿಯ ಗಡಿಗೆಯು ಆವಿಗೆಯಲ್ಲಿ ಬೆಂದು ಕೆಂಪಾದಾಗ ಬದಲಾದದ್ದು ಯಾವುದು? ಗಡಿಗೆಯು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಒಂದೊಂದು ಪರಮಾಣುವೂ ಬೇರೆಬೇರೆಯಾಗಿ ಬೆಂದು, ಮರಳಿ ಗಡಿಗೆಯಾಗುವುದೆಂದು ವೈಶೇಷಿಕರ ಪೀಲುಪಾಕವಾದ. ಅವಯವಿಯಾದ ಗಡಿಗೆಯು ಇದ್ದಂತೆಯೇ ಇದ್ದು ಇಡಿಯಾಗಿ ಬೇಯುವುದೆಂದು ನೈಯಾಯಿಕರ ಪಿಠರಪಾಕವಾದ. ನೀವು ನೈಯಾಯಿಕರ ಪಕ್ಷ ಹಿಡಿದಿರಿ.

ರಸಾಯನಜ್ಞರು: ಸಂತೋಷದಿಂದ ಹಿಡಿಯುತ್ತೇನೆ. ಆ ಗಡಿಗೆಯ ಕೆಂಪು ಕೂಡ ಕಬ್ಬಿಣದ ಆಕ್ಸೈಡಿನದೇ ಎಂಬುದನ್ನು ಬಲ್ಲಿರಷ್ಟೆ?

ವಿದ್ಯಾರ್ಥಿನಿ: ನನಗೊಂದು ಸಂಶಯ. ಇಲ್ಲಿ ಲೋಕಲ್ ಗಾಡಿಗಳು ಸದಾ ಓಡುತ್ತಿವೆ. ಅವುಗಳ ವಿದ್ಯುತ್ತು ಮುಳ್ಳನ್ನು ಕದಲಿಸುವುದಿಲ್ಲವೆ? ಕಲ್ಲಿನದೆಂದು ನಾವು ಹೇಳುತ್ತಿರುವುದು ಗಾಡಿಯದಾಗಿದ್ದರೆ?

ರಸಾಯನಜ್ಞರು: ಕಲ್ಲನ್ನು ತೆಗೆದೊಡನೆ ಮುಳ್ಳು ಹಿಂದಿರುಗಿತು, ಆದುದರಿಂದ ಇದು ಕಲ್ಲಿನದೇ. ಆದರೆ ಸೂಕ್ಷ್ಮವಾದ ಅಳತೆಗೆ ನಿನ್ನ ಸಂಶಯವು ಅತ್ಯಂತ ಯುಕ್ತವಾದುದು. ಕೊಲಾಬಾದ ವೀಕ್ಷಣಾಲಯವು ಹತ್ತೊಂಬತ್ತನೆಯ ಶತಮಾನದಿಂದ ಭೂಕಾಂತತ್ವವನ್ನು ದಾಖಲಿಸುತ್ತ ಬಂದಿತ್ತು. ಮುಂಬಯಿಗೆ ವಿದ್ಯುತ್ ಟ್ರಾಮು ಬರಲಿದೆ ಎಂದು ತಿಳಿದಾಗ, ಆ ಕೆಲಸವನ್ನು 1904ರಲ್ಲಿ ಕೊಲ್ಲಿಯ ಆಚೆಯ ಅಲಿಬಾಗಿಗೆ ಸಾಗಿಸಿದರು. ಟ್ರಾಮು ಓಡಿದ್ದು 1907ರಲ್ಲಿ.

ವಿದ್ಯಾರ್ಥಿನಿ: ಹಾಗಾದರೆ ಈ ಕಲ್ಲಿನಲ್ಲಿಯೂ ದಾಖಲೆಯುಂಟೆ?

ರಸಾಯನಜ್ಞರು: ಉಂಟು, ಅಲಿಬಾಗಿನದಕ್ಕಿಂತ ಎಷ್ಟೋ ಪುರಾತನವಾದುದು. ಅಂಧೇರಿಯ ಗಿಲ್ಬರ್ಟ್ ಹಿಲ್ಲಿನ ಕಂಬಸಾಲಿನಂತಹ ಬಂಡೆಯನ್ನು ನೀನು ಕಂಡಿರುವೆ. ಈ ಪ್ರಾಂತದ ಕರಿಗಲ್ಲು ಸುಮಾರು 6 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆಯಾಗಿತ್ತು. ಅದು ಆರುತ್ತ ಬಂದು, ಮ್ಯಾಗ್ನಟೈಟಿಗೆ ಸುಮಾರು 580 ಡಿಗ್ರಿ, ಟೈಟೇನಿಯಮ್ ಬೆರೆತಷ್ಟೂ ಅದಕ್ಕಿಂತ ಕಡಿಮೆ, ಆ ಮಿತಿಗಿಂತ ಕೆಳಗಿಳಿದಾಗ, ಅಂದಿನ ಭೂಕಾಂತದ ದಿಕ್ಕನ್ನು ಆ ಕಣಗಳು ಹಿಡಿದಿಟ್ಟುಕೊಂಡವು. ದಖನ್ನಿನ ಶಿಲೆಗಳಲ್ಲಿ ಈ ದಿಕ್ಕನ್ನು ಕ್ಲೆಗ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಅಳೆದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಆ ಕೆಲಸ ನಡೆಯಿತು. ಆ ಶಿಲೆಗಳು ಹುಟ್ಟಿದಾಗ ಈ ನೆಲವು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದಿತೆಂದು ಅವುಗಳಿಂದಲೇ ತಿಳಿಯಿತು. ಒಂದು ಖಂಡವೇ ಚಲಿಸಿತೆಂಬುದಕ್ಕೆ ಸಾಕ್ಷಿ ನುಡಿದದ್ದು ಆಕ್ಸೈಡಿನ ಕಣ!

ತಾರ್ಕಿಕರು: ನಾವು ದಾರಿ ಬಿಟ್ಟು ಬಹುದೂರ ಬಂದೆವು. ಪೀಲುಪಾಕದ ಪರವಾಗಿ ಒಂದು ಮಾತನ್ನು ಕೇಳುವುದು ಉಳಿದಿದೆ. ಪರಮಾಣುವು ತಾನೇ ಒಳಗಿಂದ ಬದಲಾಗುವ ನಿದರ್ಶನವೇ ಇಲ್ಲವೆ?

ರಸಾಯನಜ್ಞರು: ಇದೆ, ಅದರ ಮೇಲೆ ನಮ್ಮವರೂ ಕೆಲಸ ಮಾಡಿದ್ದಾರೆ. ಬಸವನಗುಡಿಯಲ್ಲಿ ಓದಿ ಬೆಳೆದ ಸಿ. ಎನ್. ಆರ್. ರಾವ್ ಅವರೂ ಭಿಡೆ, ರಾಜೋರಿಯಾ, ರಾಮರಾವ್ ಅವರೂ ಲ್ಯಾಂಥನಮ್ ಕೋಬಾಲ್ಟೈಟನ್ನು ಕುರಿತು 1972ರಲ್ಲಿ ಪ್ರಕಟಿಸಿದ ಶೋಧನೆ. ಕಡುಶೀತದಲ್ಲಿ ಅದರ ಕೋಬಾಲ್ಟಿನೊಳಗೆ ಎಲೆಕ್ಟ್ರಾನುಗಳೆಲ್ಲ ಜೋಡಿಗೂಡಿ ಕಾಂತತ್ವವಿರದು. ಶಾಖವು 100 ಕೆಲ್ವಿನ್ನನ್ನು ಸಮೀಪಿಸುವಾಗ ಜೋಡಿಗಳು ಬಿಚ್ಚಿ ಕಾಂತತ್ವ ಮೂಡುತ್ತದೆ. 500 ಕೆಲ್ವಿನ್ ದಾಟಿದ ಮೇಲೆ ಅದೇ ವಸ್ತು ಲೋಹದ ವೃತ್ತಿಯನ್ನು ತಾಳುತ್ತದೆ.

ತಾರ್ಕಿಕರು: ಅಂತಾದರೆ ಇಲ್ಲಿ ವೈಶೇಷಿಕನು ಗೆದ್ದನು.

ರಸಾಯನಜ್ಞರು: ಅರ್ಧ ಮಾತ್ರ. ಜೋಡಿಯು ಬಿಚ್ಚಬೇಕೊ ಬೇಡವೊ ಎಂಬುದನ್ನು ತೀರ್ಮಾನಿಸುವಲ್ಲಿ ಸುತ್ತಣ ಆರು ಆಮ್ಲಜನಕಗಳು ಎಷ್ಟು ಹತ್ತಿರ ನಿಂತಿವೆ ಎಂಬುದಕ್ಕೂ ಅಧಿಕಾರವುಂಟು.

ತಾರ್ಕಿಕರು: ಸರಿ, ಅದನ್ನೂ ಬಿಟ್ಟುಕೊಟ್ಟೆ.

ವಿದ್ಯಾರ್ಥಿನಿ: ನಾನು ಬಿಟ್ಟುಕೊಡಲಾರೆ. ಮ್ಯಾಗ್ನಟೈಟನ್ನು ಸುಮಾರು 120 ಕೆಲ್ವಿನ್ನಿಗಿಂತ ಕೆಳಗೆ ತಣಿಸಿದರೆ ಅದರ ವಿದ್ಯುದ್ವಹನವು ಥಟ್ಟನೆ ನೂರರಲ್ಲೊಂದು ಪಾಲಿಗೆ ಇಳಿಯುವುದೆಂದು ಓದಿದ್ದೇನೆ. ಎಲೆಕ್ಟ್ರಾನುಗಳು ಒಂದೊಂದು ಕಬ್ಬಿಣದಲ್ಲಿ ನೆಲೆನಿಲ್ಲುವುದೇ ಕಾರಣವೆಂದು ಫೆರ್ವೈ 1939ರಲ್ಲಿ ಹೇಳಿದನಂತೆ. ಹಾಗೆ ನೆಲೆನಿಂತ ಮೇಲೆ ಅವು ಆ ಕಬ್ಬಿಣದವೇ ಅಲ್ಲವೆ?

ರಸಾಯನಜ್ಞರು: ಆ ಮಾತಿನ ಮೇಲೆ ಎಪ್ಪತ್ತು ವರ್ಷಗಳಿಗೆ ಮೀರಿ ವಾದ ನಡೆಯಿತು. 2012ರಲ್ಲಿ ಆಟ್‌ಫೀಲ್ಡ್ ಮತ್ತು ಸಂಗಡಿಗರು ತಣಿದ ಹರಳಿನ ರಚನೆಯನ್ನು ಕ್ಷಕಿರಣಗಳಿಂದ ಬಿಡಿಸಿದಾಗ, ನೆಲೆನಿಂತ ಎಲೆಕ್ಟ್ರಾನು ಒಂದು ಕಬ್ಬಿಣದಲ್ಲಿಲ್ಲ, ಸಾಲಾಗಿ ನಿಂತ ಮೂರರಲ್ಲಿ ಹರಡಿಕೊಂಡಿದೆ ಎಂದು ಕಂಡಿತು.

ತಾರ್ಕಿಕರು: ಮೂರರಲ್ಲಿ ನೆಲೆಸುವುದು ನಮಗೆ ಅಪರಿಚಿತವಲ್ಲ, ಸಂಯೋಗವೂ ದ್ವಿತ್ವಾದಿ ಸಂಖ್ಯೆಗಳೂ ಅನೇಕವನ್ನು ಆಶ್ರಯಿಸುವ ಗುಣಗಳೇ. ಆದರೆ ನೆರೆಹೊರೆ, ಎಂದರೆ ಸಂಯೋಗವೆಂಬ ಗುಣದ ಮೇಲೆ ಕಾಂತತ್ವವೆಂಬ ಗುಣವು ಕುಳಿತಿದೆ ಎಂದು ನೀವು ಬೆಳಗಿನಿಂದ ಹೇಳುತ್ತ ಬಂದಿರಿ. ಗುಣದಲ್ಲಿ ಗುಣವಿರಲಾರದೆಂಬುದು ಶಾಸ್ತ್ರದ ಬುನಾದಿ. ಅದನ್ನು ಕಿತ್ತರೆ ದ್ರವ್ಯವೆಂಬುದಕ್ಕೆ ಲಕ್ಷಣವೇ ಉಳಿಯದು.

ರಸಾಯನಜ್ಞರು: ಉಳಿಯದಿದ್ದರೆ ಲಕ್ಷಣವನ್ನು ಮತ್ತೆ ಹೇಳಬೇಕಾದೀತು.

ವಿದ್ಯಾರ್ಥಿನಿ: ಪ್ರಶಸ್ತಪಾದರ ಭಾಷ್ಯವು ಮನೆಯಲ್ಲಿದೆಯೆ?

ತಾರ್ಕಿಕರು: ಇದೆ. ಕಪಾಟಿನಿಂದ ತಾ, ಗುಣಪ್ರಕರಣದಿಂದಲೇ ಆರಂಭಿಸೋಣ.